ಎರಡು ಚಾಟ್ನಿಯ ದ್ರಾಕ್ಷಿ: ಸವರುವ ದಿನಾಂಕಗಳನ್ನು ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ, ಪರಿಭಾಷೆ

ದಖ್ಖನಿನ ದ್ರಾಕ್ಷಿಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರಬೇಕು ಎಂಬುದರಲ್ಲಿ ತೋಟಗಾರಿಕೆಯ ಕೈಪಿಡಿಗಳಿಗೆ ಭಿನ್ನಾಭಿಪ್ರಾಯವಿಲ್ಲ. ತಿಂಗಳುಗಳ ಬಗ್ಗೆಯೂ ಹೆಚ್ಚಿನ ತಕರಾರಿಲ್ಲ: ಏಪ್ರಿಲ್ ಒಂದು, ಅಕ್ಟೋಬರ್ ಇನ್ನೊಂದು. ವ್ಯತ್ಯಾಸ ಕಾಣುವುದು ಅದರ ಒಳಗಿನ ಅಂಕಿಗಳಲ್ಲಿ. ಸವರಿದ ಎಷ್ಟನೇ ದಿನ ಕಣ್ಣಿನೊಳಗೆ ಹೂಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ, ಅಕ್ಟೋಬರಿನಲ್ಲಿ ಕಡ್ಡಿಯ ಮೇಲೆ ಎಷ್ಟು ಕಣ್ಣು ಬಿಡಬೇಕು, ಏಪ್ರಿಲ್ ದಾಟಿದರೆ ನಷ್ಟವೆಷ್ಟು ಎಂಬ ಪ್ರಶ್ನೆಗಳಿಗೆ ಒಂದೊಂದು ಮೂಲ ಒಂದೊಂದು ಸಂಖ್ಯೆ ಕೊಡುತ್ತದೆ. ಈ ಸಂಖ್ಯೆಗಳು ಏಕೆ ಹೊಂದುವುದಿಲ್ಲ ಎಂಬುದು ಈ ಟಿಪ್ಪಣಿಯ ಮುಖ್ಯ ವಿಷಯ. ಕೊನೆಯ ಎರಡು ಭಾಗಗಳಲ್ಲಿ ತಳಿಗಳ ಮತ್ತು ಬೆಳೆಯ ಚರಿತ್ರೆಗೆ ಸಂಬಂಧಿಸಿದ ಕೆಲವು ಇಸವಿಗಳನ್ನು ಪರಿಶೀಲಿಸಲಾಗಿದೆ.

ಇಲ್ಲಿ ‘ಕಣ್ಣು’ ಎಂದರೆ ಎಲೆಯ ಕಂಕುಳಲ್ಲಿರುವ ಸಂಯುಕ್ತ ಮೊಗ್ಗು. ಅದರೊಳಗೆ ಒಂದು ಪ್ರಧಾನ ಮೊಗ್ಗು, ಅದರ ಪಕ್ಕದಲ್ಲಿ ಎರಡು ಉಪಮೊಗ್ಗು ಇರುತ್ತವೆ. ‘ಚಿಗುರು’ ಎಂದರೆ ಹಸಿರಾಗಿರುವ ಎಳೆಯ ಬೆಳವಣಿಗೆ. ಅದು ಬಲಿತು ಕಂದು ತಿರುಗಿದ ಮೇಲೆ ‘ಕಡ್ಡಿ’. ವಿಜಯಪುರ ಸೀಮೆಯ ಬೆಳೆಗಾರರು ‘ಚಾಟ್ನಿ’ ಎನ್ನುವುದನ್ನೇ ಪುಸ್ತಕಗಳು ‘ಸವರುವಿಕೆ’ ಎನ್ನುತ್ತವೆ. ಎರಡೂ ಇಲ್ಲಿ ಒಂದೇ ಅರ್ಥದಲ್ಲಿ ಬಂದಿವೆ. ಬೇರೆ ಸೂಚನೆ ಇಲ್ಲದಿದ್ದರೆ ‘ದಿನ’ ಎಂಬುದು ಸವರಿದ ದಿನದಿಂದ ಎಣಿಸಿದ್ದು.

2. ಮೂರು ಕ್ರಮಗಳು

ಭಾರತದಲ್ಲಿ ದ್ರಾಕ್ಷಿ ಸವರುವ ರೂಢಿಗಳನ್ನು ತಜ್ಞರು ಸಾಮಾನ್ಯವಾಗಿ ಮೂರಾಗಿ ವಿಂಗಡಿಸುತ್ತಾರೆ.

ಪಂಜಾಬ್ ಮೊದಲಾದ ಉತ್ತರದ ಬಯಲಿನಲ್ಲಿ ಒಂದೇ ಸವರುವಿಕೆ, ಒಂದೇ ಫಸಲು. ಅಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ಚಳಿಗಾಲ ಮುಗಿಯುವ ಮುನ್ನ ಸವರಿದರೆ ಮುಂಗಾರಿಗೆ ಮೊದಲೇ, ಜೂನ್ ಹೊತ್ತಿಗೆ, ಹಣ್ಣು ಕೈಗೆ ಬರುತ್ತದೆ.

ವಿಜಯಪುರ, ಸೊಲ್ಲಾಪುರ, ಸಾಂಗ್ಲಿ, ನಾಸಿಕ್ ಸೀಮೆಯಲ್ಲಿ ಎರಡು ಸವರುವಿಕೆ, ಒಂದು ಫಸಲು. ಈ ಟಿಪ್ಪಣಿ ಹೆಚ್ಚಾಗಿ ಇದನ್ನು ಕುರಿತದ್ದು.

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಮತ್ತು ತಮಿಳುನಾಡಿನ ಕೆಲವೆಡೆ ಎರಡು ಸವರುವಿಕೆ, ಎರಡು ಫಸಲು. ತಮಿಳುನಾಡಿನಲ್ಲಿ ಎರಡು ವರ್ಷಕ್ಕೆ ಐದು ಫಸಲು ಎಂಬ ಲೆಕ್ಕವೂ ಪ್ರಕಟಿತ ಸಾಹಿತ್ಯದಲ್ಲಿದೆ. ಇದು ಭಾರತದ ವೈಚಿತ್ರ್ಯವೇನಲ್ಲ. ಬ್ರೆಜಿಲಿನ ಪೆಟ್ರೊಲಿನಾದಲ್ಲಿ, ಸುಮಾರು 9 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ನೀರು ಮತ್ತು ಕತ್ತರಿಯ ಬಲದಿಂದ ವರ್ಷದ ಯಾವ ತಿಂಗಳಲ್ಲಾದರೂ ಕೊಯ್ಲು ಬರುವಂತೆ ಮಾಡುತ್ತಾರೆ.

ಎರಡು ಋತುಗಳ ಪ್ರಸ್ತಾಪ ಹಳೆಯ ರೋಮನ್ ಕೃಷಿಗ್ರಂಥಗಳಲ್ಲೂ ಇದೆ. ಕ್ರಿ.ಶ. 1ನೇ ಶತಮಾನದ ಕೊಲುಮೆಲ್ಲಾ ಸವರಲು ಶರತ್ಕಾಲ, ವಸಂತಕಾಲ ಎಂಬ ಎರಡು ಕಾಲಗಳನ್ನು ಹೇಳಿ, ಬೆಚ್ಚಗಿನ ಸೀಮೆಗೆ ಮೊದಲನೆಯದು ಮೇಲು ಎಂಬ ನಿಲುವು ತಾಳುತ್ತಾನೆ. ಆದರೆ ಅವನ ಎರಡು ಕಾಲಗಳು ಪರ್ಯಾಯಗಳು. ಒಂದನ್ನು ಆರಿಸಿದರೆ ಇನ್ನೊಂದಿಲ್ಲ. ವಿಜಯಪುರದ ಎರಡು ಚಾಟ್ನಿಗಳು ಒಂದೇ ಕೆಲಸದ ಎರಡು ಭಾಗಗಳು. ಈ ಸಾಮ್ಯವನ್ನು ಮುಂದಕ್ಕೆ ಎಳೆಯಲು ಆಧಾರವಿಲ್ಲ.

3. ಏಪ್ರಿಲ್: ಕಣ್ಣಿನೊಳಗಿನ ಕೆಲಸ

3.1. ದ್ರಾಕ್ಷಿಯ ಹೂಗೊಂಚಲು ಹುಟ್ಟುವುದು ಅದು ಹೊರಗೆ ಕಾಣಿಸಿಕೊಳ್ಳುವ ಋತುವಿನಲ್ಲಲ್ಲ. ಹಿಂದಿನ ಬೆಳವಣಿಗೆಯ ಅವಧಿಯಲ್ಲಿ, ಚಿಗುರು ಇನ್ನೂ ಹಸಿರಾಗಿರುವಾಗಲೇ, ಅದರ ಕಣ್ಣುಗಳೊಳಗೆ ಒಂದು ಅನಿರ್ಧರಿತ ಮೊಳಕೆ ಮೂಡುತ್ತದೆ. ಅದು ಹೂಗೊಂಚಲಾಗಬಹುದು, ನುಲಿಬಳ್ಳಿಯೂ ಆಗಬಹುದು. ಅಂಗರಚನೆಯ ದೃಷ್ಟಿಯಿಂದ ಇವೆರಡೂ ಒಂದೇ ಮೂಲದವು. ಸೈಟೊಕೈನಿನ್ ಹೂಗೊಂಚಲಿನ ಕಡೆಗೂ ಜಿಬ್ಬರೆಲಿನ್ ನುಲಿಬಳ್ಳಿಯ ಕಡೆಗೂ ಅದನ್ನು ವಾಲಿಸುತ್ತವೆ ಎಂಬುದು 1970ರ ದಶಕದ ಕೊನೆಯಿಂದೀಚೆಗೆ ಶ್ರೀನಿವಾಸನ್ ಮತ್ತು ಮುಲಿನ್ಸ್ ಪ್ರಕಟಿಸಿದ ಪ್ರಯೋಗಗಳ ನಂತರ ಸಾಮಾನ್ಯವಾಗಿ ಒಪ್ಪಿತವಾಗಿದೆ. ಅರ್ಧ ಗೊಂಚಲು ಅರ್ಧ ನುಲಿಬಳ್ಳಿಯಾಗಿರುವ ಅಂಗಗಳು ಚಪ್ಪರದ ಮೇಲೆ ಅಪರೂಪವಲ್ಲ, ಹುಡುಕುವವರಿಗೆ ಸಿಗುತ್ತವೆ.

3.2. ಸಮಶೀತೋಷ್ಣ ನಾಡಿನಲ್ಲಿ ಈ ಮೊಳಕೆ ಮತ್ತು ಅದರ ಹೂವಿನ ನಡುವೆ ಒಂದು ಚಳಿಗಾಲ ಬೀಳುತ್ತದೆ. ದಖ್ಖನಿನಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ತಾನಾಗಿ ನಿಲ್ಲುವುದಿಲ್ಲ. ಹಾಗಾಗಿ ಫೆಬ್ರವರಿ–ಮಾರ್ಚ್ ಕೊಯ್ಲಿನ ನಂತರ ಬಳ್ಳಿಗೆ ಕೆಲವು ವಾರ ಬಿಡುವು ಕೊಟ್ಟು, ಏಪ್ರಿಲ್‌ನಲ್ಲಿ ಕಡ್ಡಿಗಳನ್ನೆಲ್ಲ ಬುಡದ ಒಂದೆರಡು ಕಣ್ಣಿಗೆ ಇಳಿಸುತ್ತಾರೆ. ಈ ಕಣ್ಣುಗಳಿಂದ ಬರುವ ಚಿಗುರಿನಲ್ಲಿ ಗೊಂಚಲು ವಿರಳ. ಬಂದರೂ ಉಳಿಸುವುದಿಲ್ಲ, ಚಿವುಟಿ ಹಾಕುತ್ತಾರೆ. ಈ ಸವರುವಿಕೆಯ ಉದ್ದೇಶ ಹಣ್ಣಲ್ಲ, ಕಡ್ಡಿ. ಹೆಚ್ಚು ನಿಖರವಾಗಿ ಹೇಳುವುದಾದರೆ, ಆ ಕಡ್ಡಿಯ ಕಣ್ಣುಗಳಲ್ಲಿ ಮುಂದಿನ ಫೆಬ್ರವರಿಯ ಗೊಂಚಲನ್ನು ಕೂರಿಸುವುದು.

3.3. ಏಪ್ರಿಲ್ ಏಕೆ? ಮುದ್ರಿತ ಶಿಫಾರಸುಗಳು ತಿಂಗಳನ್ನು ಹೇಳಿದಷ್ಟು ಸ್ಪಷ್ಟವಾಗಿ ಕಾರಣವನ್ನು ಹೇಳುವುದಿಲ್ಲ. ಒಂದು ಸರಳ ಗಣನೆ ಇಲ್ಲಿ ನೆರವಾಗಬಹುದು. ಮೊಳಕೆ ಹೂಗೊಂಚಲಿನ ಕಡೆಗೆ ತಿರುಗಲು ಕಣ್ಣಿನ ಮೇಲೆ ಚೆನ್ನಾಗಿ ಬೆಳಕು ಬೀಳಬೇಕು. ಮೋಡ ಮತ್ತು ದಟ್ಟ ನೆರಳು ಫಲವತ್ತತೆಯನ್ನು ಕುಗ್ಗಿಸುತ್ತವೆ. ನಿರ್ಣಾಯಕ ಅವಧಿಯನ್ನು ತಾತ್ಕಾಲಿಕವಾಗಿ 45ರಿಂದ 60ನೇ ದಿನ ಎಂದು ಹಿಡಿಯೋಣ. ಏಪ್ರಿಲ್ 10ರಂದು ಸವರಿದರೆ ಈ ಅವಧಿ ಮೇ 25ರಿಂದ ಜೂನ್ 9ರವರೆಗೆ ಬರುತ್ತದೆ. ನೈಋತ್ಯ ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಉತ್ತರ ಒಳನಾಡಿಗೆ ಬರಲು ಮತ್ತೆ ಒಂದು ವಾರವೋ ಅದಕ್ಕಿಂತ ತುಸು ಹೆಚ್ಚೋ ಬೇಕು. ಅಂದರೆ ಅವಧಿಯ ಬಹುಭಾಗ ಬಿಸಿಲಿನಲ್ಲೇ ಮುಗಿಯುತ್ತದೆ. ಮೇ 10ರಂದು ಸವರಿದರೆ ಅದೇ ಅವಧಿ ಜೂನ್ 24ರಿಂದ ಜುಲೈ 9ಕ್ಕೆ ಜಾರಿ ಇಡಿಯಾಗಿ ಮೋಡದ ಕೆಳಗೆ ಬೀಳುತ್ತದೆ. ತಡವಾದ ಏಪ್ರಿಲ್ ಚಾಟ್ನಿಯಿಂದ ಗೊಂಚಲು ಕಡಿಮೆ ಎಂಬ ಬೆಳೆಗಾರರ ಅನುಭವಕ್ಕೆ ಇದು ಸಂಗತವಾಗಿದೆ. ಇದೊಂದೇ ಕಾರಣ ಎಂದು ಸಾಧಿಸಲು ಈ ಗಣನೆ ಸಾಲದು: ತಡವಾಗಿ ಸವರಿದ ತೋಟದಲ್ಲಿ ಉಷ್ಣಾಂಶ, ಮಣ್ಣಿನ ತೇವ, ಚಿಗುರಿನ ಓಟ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ, ಅವನ್ನು ಬಿಡಿಸಿ ನೋಡುವುದು ಕಷ್ಟ.

3.4. ಈ ಆಯ್ಕೆಗೆ ಬೆಲೆಯೂ ಇದೆ. ವರ್ಷದ ಅತ್ಯಂತ ಬಿಸಿಯ, ಬಾವಿಯಲ್ಲಿ ನೀರು ಅತ್ಯಂತ ಕಡಿಮೆ ಇರುವ ವಾರಗಳಲ್ಲೇ ಬಳ್ಳಿಯನ್ನು ಚಿಗುರಿಸಬೇಕಾಗುತ್ತದೆ. ವಿಜಯಪುರದಲ್ಲಿ ಏಪ್ರಿಲ್–ಮೇ ತಿಂಗಳ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೆಳೆಗೆ ಬೇಕಾದ ಬೆಳಕೂ ಬೆಳೆಗಾರನಿಗೆ ಸಿಗದ ನೀರೂ ಒಂದೇ ಋತುವಿನಲ್ಲಿ ಸೇರಿವೆ. ಏಪ್ರಿಲ್‌ನ ದಿನಾಂಕ ತೋಟದಿಂದ ತೋಟಕ್ಕೆ ಬದಲಾಗುವುದಕ್ಕೆ ಸಸ್ಯಶಾಸ್ತ್ರಕ್ಕಿಂತ ಕೊಳವೆಬಾವಿಯೇ ಹೆಚ್ಚು ಕಾರಣವಿರಬಹುದು. ಶಿಫಾರಸಿನ ದಿನಾಂಕಗಳನ್ನು ಓದುವಾಗ ಈ ಅಂಶ ಮರೆಯಬಾರದು.

3.5. ಆರೈಕೆಯ ಕ್ರಮವೂ ಇದೇ ಎಣಿಕೆಯನ್ನು ಅನುಸರಿಸುತ್ತದೆ. ಮೊದಲ ತಿಂಗಳು ನೀರು ಮತ್ತು ಸಾರಜನಕ ಧಾರಾಳ. ಚಿಗುರು ಏಳೆಂಟು ಎಲೆ ಬಿಟ್ಟಾಗ ಐದು ಎಲೆ ಉಳಿಸಿ ಕುಡಿ ಚಿವುಟುವುದು. ಅನಂತರ ತುದಿಯ ಕಂಕುಳ ಚಿಗುರನ್ನು ಉಪಕಡ್ಡಿಯಾಗಿ ಬೆಳೆಸುವುದು. ನಿರ್ಣಾಯಕ ಅವಧಿ ಹತ್ತಿರವಾದಂತೆ ಸಾರಜನಕ ಹಿಡಿದು ರಂಜಕಕ್ಕೆ ಒತ್ತು ಕೊಟ್ಟು ನೀರನ್ನು ತಗ್ಗಿಸುವುದು. ಚಿವುಟಿದಾಗ ಚಿಗುರಿನ ಓಟ ತಡೆದು ಕೆಳಗಿನ ಕಣ್ಣುಗಳಿಗೆ ಪೋಷಣೆ ಸಿಗುತ್ತದೆ. ಉಪಕಡ್ಡಿ ಹೊರಟ ಗಂಟಿನ ಬಳಿಯ ಕಣ್ಣು ಫಲವತ್ತಾಗಿರುವ ಸಂಭವ ಹೆಚ್ಚು. ಚಿಗುರಿನ ಓಟವನ್ನು ರಾಸಾಯನಿಕವಾಗಿ ತಡೆಯಲು ಕ್ಲೋರ್ಮೆಕ್ವಾಟ್ ಬಳಸುವ ರೂಢಿ ಬಹುಕಾಲ ಇತ್ತು. 2010ರಲ್ಲಿ ಯೂರೋಪಿಗೆ ಹೋದ ಭಾರತೀಯ ದ್ರಾಕ್ಷಿಯಲ್ಲಿ ಅದರ ಶೇಷ ಕಂಡು ಸರಕು ತಿರಸ್ಕೃತವಾದ ಮೇಲೆ ರಫ್ತಿನ ತೋಟಗಳಲ್ಲಿ ಅದರ ಮೇಲೆ ನಿಗಾ ಬಿಗಿಯಾಯಿತು. 2010ಕ್ಕೆ ಮುಂಚಿನ ಪ್ರಯೋಗಗಳ ಫಲವತ್ತತೆಯ ಅಂಕಿಗಳನ್ನು ಇಂದಿನವುಗಳೊಂದಿಗೆ ಹೋಲಿಸುವಾಗ ಅಲ್ಲಿ ಈ ಸಿಂಪಡಣೆ ಇತ್ತೇ ಎಂದು ಮೊದಲು ನೋಡಬೇಕು.

4. ಅಂಕಿಗಳು ಏಕೆ ಹೊಂದುವುದಿಲ್ಲ

4.1. ಹೂಗೊಂಚಲು ರೂಪುಗೊಳ್ಳುವ ಕಾಲವನ್ನು ಕೆಲವು ಬರಹಗಳು 40–45 ದಿನ, ಕೆಲವು 45–60 ದಿನ, ಇನ್ನು ಕೆಲವು ಅದಕ್ಕೂ ಮುಂದೆ ಎನ್ನುತ್ತವೆ. ಇವುಗಳಲ್ಲಿ ಒಂದು ಸರಿ, ಉಳಿದವು ತಪ್ಪು ಎಂದು ತೀರ್ಮಾನಿಸುವ ಮೊದಲು ನಾಲ್ಕು ಸಂಗತಿಗಳನ್ನು ಬೇರ್ಪಡಿಸಬೇಕು.

ಮೊದಲನೆಯದು ಎಣಿಕೆಯ ಆರಂಭ. ಸವರಿದ ದಿನದಿಂದ ಎಣಿಸಿದರೆ ಒಂದು ಸಂಖ್ಯೆ, ಕಣ್ಣು ಒಡೆದ ದಿನದಿಂದ ಎಣಿಸಿದರೆ ಇನ್ನೊಂದು. ಇವೆರಡರ ನಡುವೆ ಹತ್ತು ದಿನದ ಆಸುಪಾಸು ಅಂತರವಿರುತ್ತದೆ. ಮೇಲಿನ ವ್ಯತ್ಯಾಸದ ಗಣನೀಯ ಭಾಗ ಇಷ್ಟರಿಂದಲೇ ತೀರಬಹುದು.

ಎರಡನೆಯದು ಗೆಣ್ಣಿನ ಸ್ಥಾನ. ಚಿಗುರು ಬುಡದಿಂದ ತುದಿಗೆ ಬೆಳೆಯುತ್ತದೆ. ಅದರ ಕಣ್ಣುಗಳೂ ಅದೇ ಕ್ರಮದಲ್ಲಿ ಮುಂದುವರಿಯುತ್ತವೆ. ಐದನೆಯ ಕಣ್ಣು ಇನ್ನೊಂದು ಹಂತ ಮುಟ್ಟಿದಾಗ ಹತ್ತನೆಯದು ಆರಂಭದಲ್ಲೇ ಇರಬಹುದು. ಯಾವ ಗೆಣ್ಣು ಎಂದು ಹೇಳದೆ ಕೊಟ್ಟ ದಿನಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು.

ಮೂರನೆಯದು ಅಳತೆಯ ಹಂತ. ಅನಿರ್ಧರಿತ ಮೊಳಕೆ ಮೂಡುವುದು, ಅದು ಗೊಂಚಲಿನ ಕಡೆಗೆ ಕವಲೊಡೆಯುವುದು, ಸೂಕ್ಷ್ಮದರ್ಶಕದಲ್ಲಿ ಗೊಂಚಲೆಂದು ಗುರುತಿಸುವಷ್ಟು ಬೆಳೆಯುವುದು: ಇವು ಮೂರು ಬೇರೆ ಘಟನೆಗಳು. ಸಾಮಾನ್ಯ ಓದುಗರಿಗಾಗಿ ಬರೆದ ಕೈಪಿಡಿಗಳಲ್ಲಿ ಇವು ಮೂರಕ್ಕೂ ಒಂದೇ ಹೆಸರು ಬರುವುದುಂಟು.

ನಾಲ್ಕನೆಯದು ಬೇರುಗಿಡ. 1990ರ ದಶಕದಿಂದ ಬರ ಮತ್ತು ಉಪ್ಪುನೀರಿನ ಕಾರಣಕ್ಕೆ ಡಾಗ್‌ರಿಜ್ ಎಂಬ ಬೇರುಗಿಡದ ಮೇಲೆ ಕಸಿ ಮಾಡಿದ ತೋಟಗಳು ಹೆಚ್ಚಿದವು. ಡಾಗ್‌ರಿಜ್‌ನ ಬಳ್ಳಿ ರಭಸದಿಂದ ಬೆಳೆಯುತ್ತದೆ. ಸ್ವಂತ ಬೇರಿನ ಬಳ್ಳಿಗಳ ಮೇಲೆ ಪಡೆದ ಹಳೆಯ ಅಂಕಿಗಳು ಅಂಥ ಬಳ್ಳಿಗೆ ಹಾಗೆಯೇ ಅನ್ವಯಿಸುತ್ತವೆ ಎಂದು ಊಹಿಸಲು ಕಾರಣವಿಲ್ಲ.

4.2. ಕಣ್ಣುಗಳ ಸಂಖ್ಯೆಯ ಗೊಂದಲವೂ ಇದೇ ಜಾತಿಯದು. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಆರಿಸಿದ ತಾಸ್–ಎ–ಗಣೇಶ್, ಸೋನಾಕಾ ಮುಂತಾದ ತಳಿಗಳಲ್ಲಿ ಬುಡದ ಕಣ್ಣುಗಳು ಬಹುಮಟ್ಟಿಗೆ ಬಂಜೆ. ಫಲವತ್ತಾದವು ಕಡ್ಡಿಯ ನಡುಭಾಗದಲ್ಲೋ ಉಪಕಡ್ಡಿಯ ಗಂಟಿನ ಬಳಿಯೋ ಇರುತ್ತವೆ. ‘ಇಷ್ಟು ಕಣ್ಣು ಬಿಡಿ’ ಎಂಬ ಸ್ಥಿರ ಸಂಖ್ಯೆ ಆ ವರ್ಷದ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ: ಅಕ್ಟೋಬರಿಗೆ ಮೊದಲು ತೋಟದ ಬೇರೆ ಬೇರೆ ಕಡೆಯಿಂದ ಕೆಲವು ಕಡ್ಡಿ ತಂದು, ಪ್ರತಿ ಕಣ್ಣನ್ನೂ ಸೀಳಿ ಸೂಕ್ಷ್ಮದರ್ಶಕದಡಿ ನೋಡಿ, ಗೊಂಚಲು ಯಾವ ಗೆಣ್ಣಿನಲ್ಲಿ ಕೂತಿದೆ ಎಂದು ತಿಳಿದು ಕತ್ತರಿ ಹಿಡಿಯುವುದು. ಪ್ರಧಾನ ಮೊಗ್ಗು ಸತ್ತು ಉಪಮೊಗ್ಗು ಮಾತ್ರ ಉಳಿದಿರುವ ಕಣ್ಣುಗಳೂ ಇದರಲ್ಲಿ ಪತ್ತೆಯಾಗುತ್ತವೆ; ಹೊರಗಿನಿಂದ ಅವು ಆರೋಗ್ಯವಾಗಿಯೇ ಕಾಣುತ್ತವೆ. ಪುಸ್ತಕದ ಸಂಖ್ಯೆಗಿಂತ ಈ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ಈ ಲೇಖಕನ ಅಭಿಪ್ರಾಯ.

5. ಅಕ್ಟೋಬರ್

ಅಕ್ಟೋಬರಿನ ಸವರುವಿಕೆ ಫಲಕ್ಕಾಗಿ. ಅದಕ್ಕೆ ಹತ್ತು ಹದಿನೈದು ದಿನ ಮೊದಲು ನೀರು ತಗ್ಗಿಸಿ ಎಲೆ ತೆಗೆಯುತ್ತಾರೆ. ಕಡ್ಡಿ ಕಂದು ತಿರುಗಿ ಗಟ್ಟಿಯಾಗಿರಬೇಕು. ಕತ್ತರಿಸಿದ ಮೇಲೆ ತುದಿಯ ಕಣ್ಣು ಮಾತ್ರ ಒಡೆದು ಕೆಳಗಿನವು ಮಲಗಿಬಿಡುವ ಸಂಭವವಿದೆ. ಎಲ್ಲವೂ ಸರಿಸುಮಾರು ಒಟ್ಟಿಗೆ ಒಡೆಯಲೆಂದು ಎರಡು ದಿನದೊಳಗೆ ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು ಕಣ್ಣುಗಳಿಗೆ ಹಚ್ಚುವುದು ವಾಣಿಜ್ಯ ತೋಟಗಳ ರೂಢಿ. ಈ ವಸ್ತು ಯಕೃತ್ತಿನಲ್ಲಿ ಮದ್ಯದ ವಿಭಜನೆಯನ್ನು ಅರ್ಧದಲ್ಲೇ ತಡೆಯುತ್ತದೆ. ಅದನ್ನು ಮುಟ್ಟಿದವರು ಅದರ ಹಿಂದುಮುಂದಿನ ದಿನಗಳಲ್ಲಿ ಮದ್ಯ ಸೇವಿಸಿದರೆ ತೀವ್ರ ಅಸ್ವಸ್ಥತೆ ಉಂಟಾಗುತ್ತದೆ. ಎಚ್ಚರಿಕೆ ಡಬ್ಬಿಯ ಮೇಲಿದೆ. ಕೆಲಸದಾಳಿಗೂ ಅದನ್ನು ಓದಿ ಹೇಳುವ ಪದ್ಧತಿ ಬೇಕು. ಮನೆಯಂಗಳದ ಬಳ್ಳಿಗೆ ಇದರ ಅಗತ್ಯ ಕಾಣುವುದಿಲ್ಲ.

ಏಪ್ರಿಲ್‌ನ ದಿನಾಂಕವನ್ನು ಬೆಳಕು ಕಟ್ಟಿಹಾಕಿದರೆ ಅಕ್ಟೋಬರಿನದನ್ನು ಮಳೆ ಕಟ್ಟಿಹಾಕುತ್ತದೆ. ಉತ್ತರ ಒಳನಾಡಿನಲ್ಲಿ ಸೆಪ್ಟೆಂಬರ್ ಹೆಚ್ಚು ಮಳೆಯ ತಿಂಗಳು. ಎಳೆ ಚಿಗುರು ಮತ್ತು ಹೂವು ಒದ್ದೆಯಾದರೆ ಪ್ಲಾಸ್ಮೊಪಾರಾ ವಿಟಿಕೋಲಾ ಎಂಬ ಜೀವಿಯಿಂದ ಕೇದಿಗೆ ರೋಗ ಹಬ್ಬುತ್ತದೆ. ಸವರಿದ ಮೊದಲ 40–50 ದಿನ ಅಪಾಯದ ಕಾಲ. 1885ರಲ್ಲಿ ಮಿಲ್ಲಾರ್ಡೆ ಪ್ರಕಟಿಸಿದ ಬೋರ್ಡೋ ದ್ರಾವಣ ಇದೇ ರೋಗಕ್ಕಾಗಿ ಬಂದದ್ದು, ಇಂದಿಗೂ ಬಳಕೆಯಲ್ಲಿದೆ. ಮುಂಗಾರಿನಲ್ಲಿ ಬೆಳೆಯುವ ಏಪ್ರಿಲ್ ಚಿಗುರಿಗೆ ಎಲ್ಸಿನೋಯಿ ಆಂಪೆಲಿನಾ ತರುವ ಚಿಬ್ಬು ರೋಗದ ಕಾಟ ಹೆಚ್ಚು.

ಮಾರುಕಟ್ಟೆಯಲ್ಲಿ ಮೊದಲು ಬಂದ ಹಣ್ಣಿಗೆ ದರ ಹೆಚ್ಚೆಂದು ಸೆಪ್ಟೆಂಬರಿನಲ್ಲೇ ಸವರುವವರಿದ್ದಾರೆ. ಅಕ್ಟೋಬರ್ ಎಂಬುದು ಮಳೆ ಹಿಂದೆ ಸರಿಯುವವರೆಗೆ ಕಾಯುವುದು ಮತ್ತು ಬೇಸಗೆಯ ತೀವ್ರತೆಗೆ ಮುನ್ನ ಹಣ್ಣು ಮಾಗಿಸುವುದು, ಇವೆರಡರ ನಡುವಿನ ಒಪ್ಪಂದ. ಅಕ್ಟೋಬರ್ 10ಕ್ಕೆ ಸವರಿದರೆ 120ನೇ ದಿನ ಫೆಬ್ರವರಿ 7, 135ನೇ ದಿನ ಫೆಬ್ರವರಿ 22. ಒಣದ್ರಾಕ್ಷಿಗೆ ಸಕ್ಕರೆಯಂಶ ಏರಲೆಂದು ಇನ್ನೂ ಕೆಲವು ದಿನ ಬಿಡುತ್ತಾರೆ. ಮಾರ್ಚಿನ ಒಣಹವೆ ಅದಕ್ಕೆ ಒದಗುತ್ತದೆ. ಈ ಒಪ್ಪಂದವನ್ನು ಮಳೆ ಪ್ರತಿವರ್ಷ ಪಾಲಿಸುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆ ಸವರುವ ದಿನಗಳ ಮೇಲೆಯೇ ಬಿತ್ತು. 2021ರ ನವೆಂಬರಿನ ಅಕಾಲಿಕ ಮಳೆ ಬಂದದ್ದು ಅಕ್ಟೋಬರ್ ಆರಂಭದಲ್ಲಿ ಸವರಿದ ಬಳ್ಳಿ ಹೂವಿಗೆ ಬರುವ ಹೊತ್ತಿಗೆ.

6. ಬೆಂಗಳೂರು ನೀಲಿ ಮತ್ತು ಮನೆಯ ಚಪ್ಪರ

ಬೆಂಗಳೂರು ನೀಲಿಯ ವಿಚಾರ ಬೇರೆ. ಇದು ಶುದ್ಧ ವೈಟಿಸ್ ವಿನಿಫೆರಾ ಅಲ್ಲ. ಅಮೆರಿಕದ ವೈಟಿಸ್ ಲ್ಯಾಬ್ರುಸ್ಕಾದ ರಕ್ತ ಇದರಲ್ಲಿದೆ. ಸಿಪ್ಪೆ ಸುಲಭವಾಗಿ ಕಳಚುವುದು, ಮೀಥೈಲ್ ಆಂಥ್ರನಿಲೇಟ್‌ನಿಂದ ಬರುವ ವಿಶಿಷ್ಟ ವಾಸನೆ ಇವೆರಡೂ ಆ ಕಡೆಯ ಲಕ್ಷಣಗಳು. ಬುಡದ ಕಣ್ಣುಗಳೂ ಫಲ ಕೊಡಬಲ್ಲವು. ಹಾಗಾಗಿ ಒಂದು ಸವರುವಿಕೆಯನ್ನು ಕಡ್ಡಿಗೆಂದೇ ಮೀಸಲಿಡಬೇಕಿಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಸೌಮ್ಯ ಹವೆಯೂ ಇದಕ್ಕೆ ಅನುಕೂಲ. ಎರಡೂ ಬಾರಿ ಹಣ್ಣು ಬರುತ್ತದೆ. ಹತ್ತಿರದ ತೋಟಗಳೇ ಬೇರೆ ಬೇರೆ ತಿಂಗಳಲ್ಲಿ ಸವರಿ ಮಾರುಕಟ್ಟೆಗೆ ವರ್ಷದ ಬಹುಕಾಲ ಹಣ್ಣು ಒದಗಿಸುತ್ತವೆ. ಇದೇ ಸೀಮೆಯ ದಿಲ್‌ಖುಷ್, ಅನಾಬ್–ಎ–ಶಾಹಿಯಿಂದ ಆರಿಸಿದ ವಿನಿಫೆರಾ ತಳಿ. ನೀಲಿಯ ಸಡಿಲ ನಿಯಮವನ್ನು ಅದಕ್ಕೆ ಹಚ್ಚಬಾರದು.

ಮನೆಯಂಗಳದಲ್ಲಿ ಒಂದೇ ಬಳ್ಳಿ ಬೆಳೆಸುವವರಿಗೆ ಈ ತಳಿ ಏಕೆ ಒಗ್ಗಿತು ಎಂಬುದಕ್ಕೂ ಇದೇ ವಿವರಣೆ ಸಾಲಬಹುದು. ದಿನಾಂಕ ತಪ್ಪಿದರೂ ಬಳ್ಳಿ ಕ್ಷಮಿಸುತ್ತದೆ. ಥಾಮ್ಸನ್ ಬಳ್ಳಿಯನ್ನು ಅದೇ ಅಂಗಳದಲ್ಲಿ ನೆಟ್ಟು ಕಂಡಾಗಲೆಲ್ಲ ಗಿಡ್ಡವಾಗಿ ಕತ್ತರಿಸಿದರೆ ಚಪ್ಪರದ ತುಂಬ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ. ‘ಬಳ್ಳಿ ಗೊಡ್ಡು’ ಎಂದು ಕಿತ್ತುಹಾಕಿದ ಪ್ರಸಂಗಗಳಲ್ಲಿ ಕೆಲವಾದರೂ ಸವರಿದ ಎತ್ತರದ ದೋಷವಿರಬೇಕು ಎಂದು ಊಹಿಸಬಹುದು. ಊಹೆಗಿಂತ ಹೆಚ್ಚಿನ ಬಲ ಈ ಮಾತಿಗಿಲ್ಲ.

ಮನೆಯ ಚಪ್ಪರಕ್ಕೆ ಮೂರು ಸೂಚನೆ ಸಾಕು. ಮಾಡಿನ ನೆರಳಿನಲ್ಲಿರುವ ಕಡ್ಡಿಯಲ್ಲಿ ಗೊಂಚಲು ನಿರೀಕ್ಷಿಸಬಾರದು; ಬೆಳಕಿಗೆ ಒಡ್ಡಿಕೊಂಡು ಬೆಳೆದ, ಪೆನ್ಸಿಲಿನಷ್ಟು ದಪ್ಪದ ಕಡ್ಡಿಯನ್ನೇ ಫಲಕ್ಕೆ ಉಳಿಸಬೇಕು. ಕತ್ತರಿಸುವುದಕ್ಕೆ ಹತ್ತು ದಿನ ಮೊದಲು ನೀರು ಕಡಿಮೆ ಮಾಡಿ, ಕಣ್ಣು ಒಡೆದ ಮೇಲೆ ಮೊದಲಿನಂತೆ ಕೊಡಬೇಕು. ಸವರಿದ ತಾರೀಖು, ಬಿಟ್ಟ ಕಣ್ಣುಗಳ ಸಂಖ್ಯೆ, ಮೊದಲ ಕಣ್ಣು ಒಡೆದ ತಾರೀಖು, ಗೊಂಚಲು ಕಂಡ ಗೆಣ್ಣಿನ ಕ್ರಮಾಂಕ ಈ ನಾಲ್ಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮೂರನೆಯ ವರ್ಷದ ಹೊತ್ತಿಗೆ ಆ ಅಂಗಳಕ್ಕೆ ಯಾವ ಕೈಪಿಡಿಗಿಂತಲೂ ವಿಶ್ವಾಸಾರ್ಹವಾದ ಪಟ್ಟಿ ಸಿದ್ಧವಾಗುತ್ತದೆ.

7. ತಳಿಗಳ ಇಸವಿಗಳು

ಬೆಂಗಳೂರು ನೀಲಿಯನ್ನು ಬಹುಪಾಲು ದ್ರಾಕ್ಷಿತಜ್ಞರು ಇಸಾಬೆಲ್ಲಾ ಎಂಬ ಅಮೆರಿಕನ್ ತಳಿಯೊಂದಿಗೆ ಗುರುತಿಸುತ್ತಾರೆ. ಇಸಾಬೆಲ್ಲಾವನ್ನು ಲಾಂಗ್ ಐಲೆಂಡಿನ ಫ್ಲಶಿಂಗ್‌ನಲ್ಲಿ ಸಸ್ಯಕ್ಷೇತ್ರ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್ 1816ರಲ್ಲಿ ಬೆಳಕಿಗೆ ತಂದ. ಈ ಗುರುತು ಸರಿಯಾದರೆ, ಬೆಂಗಳೂರಿನ ನೀಲಿ ದ್ರಾಕ್ಷಿಯನ್ನು 18ನೇ ಶತಮಾನಕ್ಕೆ ಒಯ್ಯುವ ಮಾತುಗಳು ನಿಲ್ಲುವುದಿಲ್ಲ. ಆ ಕಾಲದಲ್ಲಿ ಅಲ್ಲಿ ದ್ರಾಕ್ಷಿ ಇದ್ದಿದ್ದರೆ ಅದು ಬೇರೆ ತಳಿ.

ಅನಾಬ್–ಎ–ಶಾಹಿ ಹೈದರಾಬಾದಿಗೆ ಬಂದದ್ದನ್ನು ಕೆಲವು ಬರಹಗಳು 1890ರ ಸುಮಾರಿಗೆ, ಅಬ್ದುಲ್ ಬಾಕರ್ ಖಾನ್ ಅವರ ಹೆಸರಿನಲ್ಲಿ ದಾಖಲಿಸುತ್ತವೆ. ಇನ್ನು ಕೆಲವು 20ನೇ ಶತಮಾನದ ಆರಂಭದಲ್ಲಿ ನಿಜಾಮರು ಆ ರಾಜ್ಯಕ್ಕೆ ದ್ರಾಕ್ಷಿ ತಂದರೆನ್ನುತ್ತವೆ. ಒಂದು ಒಬ್ಬರ ಅಂಗಳಕ್ಕೆ ಬಂದ ವರ್ಷ, ಇನ್ನೊಂದು ಬೆಳೆಯಾಗಿ ಹರಡಿದ ಕಾಲ ಎಂದು ಓದಿದರೆ ಎರಡಕ್ಕೂ ವಿರೋಧವಿಲ್ಲ. ಆದರೆ ಹಾಗೆ ಓದಬೇಕೆಂದು ಆ ಬರಹಗಳೇ ಹೇಳುವುದಿಲ್ಲ.

8. ಎರಡು ಹಳೆಯ ಸಾಕ್ಷ್ಯಗಳು

8.1. ದೌಲತಾಬಾದ್. ಮುಹಮ್ಮದ್ ಬಿನ್ ತುಘಲಕ್ 1327ರಲ್ಲಿ ರಾಜಧಾನಿಯನ್ನು ಅಲ್ಲಿಗೆ ಸಾಗಿಸಿದ ಸಂದರ್ಭದಲ್ಲಿ ದ್ರಾಕ್ಷಿ ದಖ್ಖನಿಗೆ ಬಂತು ಎಂಬುದು ತೋಟಗಾರಿಕೆ ಬರಹಗಳ ಪ್ರಚಲಿತ ಮಾತು. ಅದಕ್ಕೆ ಸಾಕ್ಷಿಯಾಗಿ ಇಬ್ನ್ ಬತೂತಾನನ್ನು ಕರೆಯುತ್ತಾರೆ. ಇಲ್ಲೊಂದು ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ದಾಟಿ ಬಂದಿದೆ: ಅವನು 1430ರಲ್ಲಿ ದೌಲತಾಬಾದಿನಲ್ಲಿದ್ದ ಎಂದು. ಅದು ಅಸಾಧ್ಯ. ಅವನು ದೆಹಲಿಯಿಂದ ಚೀನಾದ ರಾಯಭಾರಕ್ಕೆಂದು ದಕ್ಷಿಣಕ್ಕೆ ಹೊರಟದ್ದು 1342ರ ಸುಮಾರಿಗೆ. ಪ್ರವಾಸಕಥನವನ್ನು ಹೇಳಿ ಬರೆಸಿ ಮುಗಿಸಿದ್ದು 1355ರಲ್ಲಿ. 14ನೇ ಶತಮಾನ ಮುಗಿಯುವ ಮೊದಲೇ ತೀರಿಕೊಂಡ.

ಇಸವಿಗಿಂತ ಅವನ ಹೇಳಿಕೆ ಇಲ್ಲಿ ಮುಖ್ಯ. ದೌಲತಾಬಾದಿನಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತವೆ ಎನ್ನುತ್ತಾನೆ. ಇದು ಎರಡು ಸವರುವಿಕೆಯ ಅತ್ಯಂತ ಹಳೆಯ ಪುರಾವೆ ಎಂದು ಹೇಳುವ ಆಸೆ ಹುಟ್ಟುವುದು ಸಹಜ. ಆದರೆ ಅವನು ಕತ್ತರಿಯ ಮಾತೆತ್ತಿಲ್ಲ. ಒಂದೇ ಬಳ್ಳಿ ಎರಡು ಬಾರಿ ಫಲಿಸಿತೋ, ಬೇರೆ ಬೇರೆ ತೋಟಗಳು ಬೇರೆ ಬೇರೆ ಕಾಲದಲ್ಲಿ ಫಲಿಸಿದವೋ ಅವನ ಮಾತಿನಿಂದ ತಿಳಿಯದು. ನಿಲ್ಲದೆ ಬೆಳೆಯುವ ಬಳ್ಳಿ ಸವರದಿದ್ದರೂ ಅಕಾಲದಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು ಬಿಡುವುದುಂಟು. ಇಂದು ಆ ಸೀಮೆಯಲ್ಲಿ ಎರಡು ಸವರಿ ಒಂದೇ ಫಸಲು ತೆಗೆಯುತ್ತಾರೆ ಎಂಬುದನ್ನೂ ನೆನಪಿಡಬೇಕು. ಹೇಳಿಕೆಯನ್ನು ಅಕ್ಷರಶಃ ತೆಗೆದುಕೊಂಡರೆ ಆಗಿನ ತಳಿ ಬುಡದ ಕಣ್ಣಿನಲ್ಲೂ ಫಲಿಸುವಂಥದ್ದಾಗಿರಬೇಕಾಗುತ್ತದೆ.

8.2. ವಿಜಯನಗರ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸು, ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್ ಪೇಟೆಯ ಹಣ್ಣುಗಳ ದರ ಕೊಡುತ್ತಾನೆ. ಅವನ ಬರಹದ ಇಂಗ್ಲಿಷ್ ಅನುವಾದ ರಾಬರ್ಟ್ ಸೆವೆಲ್‌ರ 1900ರ ಗ್ರಂಥದಲ್ಲಿದೆ. ಒಂದು ಪಣಕ್ಕೆ ದಾಳಿಂಬೆ ಹತ್ತು, ದ್ರಾಕ್ಷಿ ಮೂರು ಗೊಂಚಲು. ದ್ರಾಕ್ಷಿ ದುಬಾರಿಯಾಗಿತ್ತು ಎಂಬುದು ಇದರಿಂದ ಸ್ಪಷ್ಟ. ಅದು ನಗರದ ತೋಟದ್ದೋ, ದೂರದಿಂದ ಬಂದದ್ದೋ ಅವನು ಹೇಳುವುದಿಲ್ಲ. ತಿಂಗಳನ್ನೂ ಹೇಳುವುದಿಲ್ಲ. ಅದೊಂದು ಇದ್ದಿದ್ದರೆ, 120ರಿಂದ 135 ದಿನ ಹಿಂದಕ್ಕೆ ಎಣಿಸಿ, ಹಂಪೆಯ ಸುತ್ತ ಆಗ ಬಳ್ಳಿ ಸವರಿದ್ದು ಯಾವ ಮಳೆಯ ನಂತರ ಎಂದಾದರೂ ಸುಮಾರಾಗಿ ಹೇಳಬಹುದಿತ್ತು.